ಅಂಧ ಕೇಳುಗರ ಕೈತಪ್ಪಿದ ರೇಡಿಯೊ ಮರಳಿ ಸಿಕ್ಕಿದ ಬಗೆ

ರೇಡಿಯೊ ಕೇಳಲು ಕಣ್ಣು ಬೇಕಿಲ್ಲ. ಬೇಕಾದ ಕೇಂದ್ರವನ್ನು ಹಿಡಿಯಲು ಕಣ್ಣು ಬೇಕಾಗುವಂತಾದದ್ದು ಕಂಪ್ಯೂಟರ್ ಬಂದ ಮೇಲೆ. ಹಳೆಯ ಪೆಟ್ಟಿಗೆಯಲ್ಲಿ ದನಿಗೊಂದು, ಕೇಂದ್ರಕ್ಕೊಂದು ಗುಂಡಿ ಇರುತ್ತಿತ್ತು, ತಿರುಗಿಸಿದಷ್ಟಕ್ಕೆ ಕಿವಿಯೇ ಉತ್ತರ ಕೊಡುತ್ತಿತ್ತು. ಬ್ರಿಟನ್ನಿನಲ್ಲಿ ಇದರ ಬೆಲೆ ಬಹು ಬೇಗ ಗೊತ್ತಾಗಿತ್ತು: ಅಂಧರಿಗೆ ರೇಡಿಯೊ ಒದಗಿಸುವ ನಿಧಿಗಾಗಿ 1929ರ ಕ್ರಿಸ್‌ಮಸ್ ದಿನ ವಿನ್‌ಸ್ಟನ್ ಚರ್ಚಿಲ್ ಬಾನುಲಿಯಲ್ಲೇ ಮನವಿ ಮಾಡಿದ್ದರು.

1995ರಲ್ಲಿ ರಿಯಲ್‌ಆಡಿಯೊ ಬಂದು ಅಂತರ್ಜಾಲದಲ್ಲಿ ಪ್ರಸಾರ ಕೇಳುವುದು ಸಾಧ್ಯವಾದಾಗ ದೂರದೇಶದ ಕೇಂದ್ರಗಳು ಹತ್ತಿರವಾದವು, ಆದರೆ ಗುಂಡಿಗಳು ತೆರೆಯ ಮೇಲಿನ ಚಿತ್ರಗಳಾದವು. ತೆರೆಯ ಮೇಲಿನ ಬರಹವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್‌ಗೆ ಚಿತ್ರದೊಳಗೆ ಏನಿದೆ ಎಂಬುದು ತಿಳಿಯದು. ತಯಾರಕರು ಹೆಸರು ಬರೆದಿಡದಿದ್ದರೆ ಅದು ಪ್ರತಿ ಸಲವೂ ಬರೀ 'ಬಟನ್' ಎಂದಷ್ಟೇ ಉಚ್ಚರಿಸುತ್ತದೆ. ಹೀಗಿದ್ದೂ ಕಂಪ್ಯೂಟರಿನಲ್ಲಿ ಹಾಡು, ಪ್ರಸಾರ ಕೇಳಿಸುವ 1997ರ ತಂತ್ರಾಂಶ ವಿನಾಂಪ್ ಅಂಧರಿಗೆ ಅಚ್ಚುಮೆಚ್ಚಾಯಿತು. ಅದರ ಮುಖವೂ ಚಿತ್ರವೇ ಆಗಿತ್ತು, ಆದರೆ ಎಕ್ಸ್ ಒತ್ತಿದರೆ ಹಾಡುತ್ತಿತ್ತು, ಸಿ ಒತ್ತಿದರೆ ತಡೆಯುತ್ತಿತ್ತು, ವಿ ಒತ್ತಿದರೆ ನಿಲ್ಲುತ್ತಿತ್ತು, ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಕೇಂದ್ರದ ವಿಳಾಸ ಬರೆಯುವ ಜಾಗ ತೆರೆಯುತ್ತಿತ್ತು. ಯಾರ ಮೇಲಿನ ಕರುಣೆಯಿಂದಲೂ ಅಲ್ಲ, ಕೀಬೋರ್ಡನ್ನು ಮರೆಯದೆ ಕಟ್ಟಿದ್ದರಿಂದ ಅದು ಒದಗಿಬಂತು ಎಂಬುದು ನನ್ನ ಎಣಿಕೆ.

ಅಂಧರೇ ನಡೆಸುವ ಕೇಂದ್ರಗಳೂ ಹುಟ್ಟಿಕೊಂಡವು. ಅಮೆರಿಕದ ಅಂಧರ ಸಂಘಟನೆಯೊಂದರ ಎಸಿಬಿ ರೇಡಿಯೊ 1999ರಲ್ಲಿ ಶುರುವಾಯಿತು. ಭಾರತದಲ್ಲಿ 2014ರಿಂದ ರೇಡಿಯೊ ಉಡಾನ್ ಇದೆ.

ಅಷ್ಟು ಹೊತ್ತಿಗೆ ದುಬಾರಿ ಸ್ಕ್ರೀನ್ ರೀಡರ್‌ಗಳಿಗೆ ಬದಲಿಯೂ ಸಿಕ್ಕಿತ್ತು. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತ, ಅದರ ಮೂಲಸಂಕೇತವೂ ಮುಕ್ತ. ಕೇಂದ್ರಗಳನ್ನು ವಿಂಡೋಸಿನ ಸಾಮಾನ್ಯ ಪಟ್ಟಿಯಂತೆ ಜೋಡಿಸಿಕೊಡುವ ಟ್ಯಾಪಿನ್‌ರೇಡಿಯೊದಂಥ ತಂತ್ರಾಂಶಗಳ ಜೊತೆ ಅದು ಸಲೀಸಾಗಿ ಹೊಂದುತ್ತದೆ: ಬಾಣದ ಕೀಲಿಯಲ್ಲಿ ಇಳಿಯುತ್ತ ಹೋದಂತೆ ಹೆಸರುಗಳು ಕೇಳಿಸುತ್ತವೆ, ಎಂಟರ್ ಒತ್ತಿದರೆ ಪ್ರಸಾರ ಶುರುವಾಗುತ್ತದೆ. ಕಣ್ಣುಳ್ಳವರಿಗೆ ಹೊಳೆಯದ ತೊಡಕು ಒಂದಿದೆ, ವಾರ್ತೆ ಓದುವವರ ದನಿಯ ಮೇಲೆಯೇ ಸ್ಕ್ರೀನ್ ರೀಡರ್ ಕೂಡ ಮಾತಾಡುತ್ತದೆ. ತಾನು ಮಾತಾಡುವಷ್ಟು ಹೊತ್ತು ಉಳಿದ ಸದ್ದನ್ನು ತಗ್ಗಿಸುವ ಸೌಲಭ್ಯ ಎನ್‌ವಿಡಿಎಗೆ ಬಂದದ್ದು 2016ರಲ್ಲಿ.

2009ರ ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಬಂದ ಮೇಲೆ ನುಣುಪಾದ ಗಾಜನ್ನೂ ತಡವಿ ಬಳಸುವುದು ಸಾಧ್ಯವಾಯಿತು. ಆಕಾಶವಾಣಿಯ ಕನ್ನಡ ಪ್ರಸಾರಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ, ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ಕಂಪ್ಯೂಟರ್ ದನಿ ಕನ್ನಡವನ್ನೂ ಓದುತ್ತದೆ, ಆ ಉಚ್ಚಾರಣೆಯ ಒರಟುತನಕ್ಕೆ ಕಿವಿ ಪಳಗಬೇಕು, ಅಷ್ಟೆ. ಇವೆಲ್ಲ ಇದ್ದರೂ ಹೊಸ ಆವೃತ್ತಿಯಲ್ಲಿ ಬಟನ್ನಿನ ಹೆಸರು ಬರೆಯಲು ತಯಾರಕರು ಮರೆತರೆ, ನಿನ್ನೆಯವರೆಗೆ ಕೇಳುತ್ತಿದ್ದ ಕೇಂದ್ರವನ್ನು ಇಂದು ಹುಡುಕಲು ಮತ್ತೊಬ್ಬರ ಕಣ್ಣು ಬೇಕಾಗುತ್ತದೆ.