ರಾತ್ರಿ ಪಾಳಿ, ಇಬ್ಬರೇ ಪೈಲಟ್: ಪೈಲಟ್ ವಿಶ್ರಾಂತಿ ರೂಲ್ಸ್ ಜಾರಿಗೆ ಇಷ್ಟು ವರ್ಷ ಯಾಕಾಯ್ತು

2010 ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ಲ, 158 ಜನ ಹೋದ್ರು, ಉಳಿದಿದ್ದು 8 ಜನ. ಕರಾವಳಿಯವರಿಗೆ ಇದನ್ನ ನೆನಪಿಸೋದೇ ಬೇಡ, ಆದ್ರೆ ತನಿಖಾ ವರದಿಯಲ್ಲಿ ಏನಿತ್ತು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಕ್‌ಪಿಟ್ ರೆಕಾರ್ಡಿಂಗ್ ಇದ್ದಿದ್ದು ಎರಡು ಗಂಟೆ ಚಿಲ್ಲರೆ, ಅದರಲ್ಲಿ ಸುಮಾರು 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ರು, ಗೊರಕೆ ಸದ್ದೂ ಕೇಳುತ್ತೆ. ಎದ್ದ ಮೇಲೂ ಮಂಪರು ಬಿಟ್ಟಿರಲಿಲ್ಲ, ವಿಮಾನ ಇರಬೇಕಾದ್ದಕ್ಕಿಂತ ತುಂಬ ಮೇಲಿತ್ತು, ಕೋ-ಪೈಲಟ್ 'ಗೋ ಅರೌಂಡ್' (ಇಳಿಸದೆ ಮತ್ತೆ ಮೇಲಕ್ಕೆ ಹೋಗಿ) ಅಂತ ಮತ್ತೆ ಮತ್ತೆ ಹೇಳಿದ್ರೂ ಕ್ಯಾಪ್ಟನ್ ಇಳಿಸೋಕೇ ಹೋದ್ರು.

ಕ್ಯಾಪ್ಟನ್ ತಪ್ಪು ಅಂತ ಫೈಲ್ ಮುಚ್ಚೋದು ಸುಲಭ. ಆದ್ರೆ ಅದೇ ಇಬ್ಬರು ಪೈಲಟ್‌ಗಳು ಅದೇ ರಾತ್ರಿ ಮಂಗಳೂರಿಂದ ದುಬೈಗೆ ವಿಮಾನ ತಗೊಂಡು ಹೋಗಿ, ಅಲ್ಲಿಂದ ತಿರುಗಿ ವಾಪಸ್ ಹೊರಟಿದ್ದು. ಬೆಳಗಿನ ಜಾವ ಎರಡರಿಂದ ಆರರವರೆಗೆ ಮನುಷ್ಯನ ದೇಹ ನಿದ್ದೆ ಬೇಕೇ ಬೇಕು ಅಂತ ಹಠ ಮಾಡೋ ಹೊತ್ತು, ಎಷ್ಟೇ ಅನುಭವ ಇದ್ರೂ ಅದು ಬದಲಾಗಲ್ಲ.

ಉದ್ದದ ಫ್ಲೈಟ್‌ಗಳೇ ಡೇಂಜರ್ ಅನ್ಕೋತೀವಿ, ಹಾಗೇನಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14 ಸಾವಿರ ಕಿಲೋಮೀಟರ್ ನಾನ್‌ಸ್ಟಾಪ್ ಹಾರಿಸಿಕೊಂಡು ಬಂದ್ರಲ್ಲ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು, ಅವರು ನಾಲ್ಕು ಜನ ಇದ್ರು. ಅಂಥ ವಿಮಾನದಲ್ಲಿ ಮಲಗೋಕೆ ಬಂಕ್ ಇರುತ್ತೆ, ಸರದಿ ಮೇಲೆ ನಿದ್ದೆ ಮಾಡ್ತಾರೆ. ನಾಲ್ಕು ಗಂಟೆಯ ಗಲ್ಫ್ ಫ್ಲೈಟ್‌ನಲ್ಲಿ ಇರೋದು ಇಬ್ಬರೇ, ಬಂಕೂ ಇಲ್ಲ, ಸರದಿಯೂ ಇಲ್ಲ. ನನಗೆ ಹೆಚ್ಚು ಭಯ ಆಗೋದು ಇದೇ.

2011ರಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎ ಪೈಲಟ್‌ಗಳ ಡ್ಯೂಟಿ ಟೈಮ್ ರೂಲ್ಸ್ ತಂತು, ಅದು ಸಾಲಲ್ಲ ಅಂತ ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದ್ವು. 2024ರ ಜನವರಿಯಲ್ಲಿ ಹೊಸದು ಬಂತು: ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ, ರಾತ್ರಿ ಅಂದ್ರೆ ಬೆಳಗ್ಗೆ 5ರ ಬದಲು 6ರ ತನಕ, ಒಬ್ಬ ಪೈಲಟ್ ರಾತ್ರಿ ಮಾಡಬಹುದಾದ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳೀತು. ಜೂನ್‌ಗೆ ಜಾರಿ ಅಂದಿದ್ರು, ಏರ್‌ಲೈನ್ಸ್‌ಗಳು ಒಪ್ಪಲಿಲ್ಲ, ಮುಂದಕ್ಕೆ ಹಾಕಿದ್ರು, ಆಮೇಲೆ ಕೋರ್ಟ್ ಒತ್ತಾಯಕ್ಕೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತಲ್ಲಿ ಜಾರಿ ಆಯ್ತು.

ಏರ್‌ಲೈನ್ಸ್‌ಗಳಿಗೆ ಸುಮಾರು ಎರಡು ವರ್ಷ ಟೈಮ್ ಸಿಕ್ಕಿತ್ತು, ವಿಶ್ರಾಂತಿ ಜಾಸ್ತಿ ಕೊಡಬೇಕಂದ್ರೆ ಪೈಲಟ್‌ಗಳೂ ಜಾಸ್ತಿ ಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋ ಲೆಕ್ಕ. ಆದ್ರೂ ಹೊಸ ರೂಲ್ಸ್‌ಗೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಫ್ಲೈಟ್ ಕ್ಯಾನ್ಸಲ್ ಆದ್ವು, ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಜನ ಲಗೇಜ್ ಇಟ್ಕೊಂಡು ಪರದಾಡಿದ್ರು, ಮಾತೆಲ್ಲ ಪ್ಯಾಸೆಂಜರ್ ತೊಂದರೆ ಬಗ್ಗೆನೇ ನಡೀತು. ಕೊನೆಗೆ ಡಿಜಿಸಿಎ ಆ ಕಂಪನಿಗೆ 2026ರ ಫೆಬ್ರವರಿ 10ರ ತನಕ ವಿನಾಯಿತಿ ಕೊಡ್ತು. ವಿನಾಯಿತಿ ಸಿಕ್ಕಿದ್ದು ರಾತ್ರಿಯ ಅವಧಿಗೆ ಮತ್ತು ರಾತ್ರಿ ಲ್ಯಾಂಡಿಂಗ್ ಮಿತಿಗೆ.