ಕೊಟ್ಟಿಗೆ ಸೊಳ್ಳೆಯ ಹೊಟ್ಟೆಯಲ್ಲಿ ಯಾರ ರಕ್ತ?

ಮಂಡ್ಯ ಕಡೆಯ ಎಷ್ಟೋ ಹಳೇ ಮನೆಗಳಲ್ಲಿ ದನ ಕಟ್ಟುತ್ತಿದ್ದುದೂ ಮನೆಯೊಳಗೇ. ಒಂದು ಪಕ್ಕ ಕೊಟ್ಟಿಗೆ, ಇನ್ನೊಂದು ಪಕ್ಕ ಮಲಗುವ ಜಾಗ. ರಾತ್ರಿ ಒಳಗೆ ಬಂದ ಸೊಳ್ಳೆಗೆ ಇಬ್ಬರೂ ಒಂದೇ ಸೂರಿನಡಿ ಸಿಗುತ್ತಿದ್ದರು. ಅದು ಯಾರನ್ನು ಕಚ್ಚುತ್ತಿತ್ತು?

ನಮ್ಮ ದೇಶದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್. ನಾಲೆಯಿಂದ ಜಿನುಗಿ ನಿಂತ ನೀರು, ಆಗ ತಾನೇ ನಾಟಿ ಹಾಕಿದ ಗದ್ದೆ ಇದ್ದರೆ ಅದಕ್ಕೆ ಸಾಕು. ರಕ್ತದ ವಿಷಯದಲ್ಲಿ ಅದರ ಒಲವು ಜಾಸ್ತಿ ದನದ ಕಡೆಗೇ.

ಇದನ್ನು ಕಂಡುಹಿಡಿಯುವ ಕೆಲಸ ನೋಡೋಕೆ ಚೆನ್ನ. ಬೆಳಗ್ಗೆ ಟಾರ್ಚ್ ಹಿಡಿದು ಗೋಡೆ ಹುಡುಕುತ್ತಾರೆ. ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತಿದ್ದರೆ ಅನಾಫಿಲಿಸ್ ಇರಬಹುದು. ಗಾಜಿನ ಕೊಳವೆಯನ್ನು ಅದರ ಮೇಲಿಟ್ಟು, ರಬ್ಬರ್ ಟ್ಯೂಬಿನ ಇನ್ನೊಂದು ತುದಿಯಿಂದ ಬಾಯಲ್ಲಿ ಉಸಿರೆಳೆದರೆ ಸೊಳ್ಳೆ ಒಳಗೆ. ನಡುವೆ ಜಾಳಿಗೆ ಬಟ್ಟೆ ಇರುತ್ತದೆ, ಗಾಬರಿ ಬೇಡ! ಕೆಂಪಗೆ ಉಬ್ಬಿದ ಹೊಟ್ಟೆಯನ್ನು ಫಿಲ್ಟರ್ ಕಾಗದದ ಮೇಲೆ ಒತ್ತಿ ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ರಕ್ತ ದನದ್ದೋ ಮನುಷ್ಯನದ್ದೋ ಅಲ್ಲಿ ಗೊತ್ತಾಗುತ್ತದೆ. ಸೊಳ್ಳೆ ಹಿಡಿದು ಹೊಟ್ಟೆ ಒತ್ತಲು ತಡಮಾಡಿದರೆ ಅಷ್ಟರಲ್ಲಿ ರಕ್ತ ಜೀರ್ಣವಾಗಿಬಿಟ್ಟಿರುತ್ತದೆ.

ಆದರೆ ಸೊಳ್ಳೆಯನ್ನು ಕೊಟ್ಟಿಗೆಯಲ್ಲೇ ಹಿಡಿದರೆ ದನದ ರಕ್ತ ಸಿಗೋದು ಸಹಜ ಅಲ್ವಾ? ಮಲಗುವ ಕೋಣೆಯಲ್ಲಿ ಹಿಡಿದರೆ ಲೆಕ್ಕ ಬೇರೆ. ಜಗಲಿಯಲ್ಲಿ ಮಲಗಿದವರನ್ನು ಕಚ್ಚಿ ಒಳಗೋಡೆಗೆ ಬಂದು ಕೂರಬಹುದು. ಒಳಗೆ ಕಚ್ಚಿ ಹೊರಗಿನ ಪೊದೆ ಸೇರಬಹುದು. ಎಲ್ಲಿ ಹಿಡಿದರು, ಅಲ್ಲಿ ದನ ಎಷ್ಟು, ಜನ ಎಷ್ಟು ಅಂತ ಹೇಳದೆ ಬರೀ ಶೇಕಡಾ ಲೆಕ್ಕ ಕೊಟ್ಟರೆ ನಾನಂತೂ ನಂಬುವುದಿಲ್ಲ.

ಒಂದೇ ಹೆಸರಿನ ಸೊಳ್ಳೆಗಳಲ್ಲೂ ಒಳಭೇದಗಳಿವೆ. ನೋಡಲು ಒಂದೇ ಥರ ಇರುವ ಕ್ಯುಲಿಸಿಫೇಸಿಸ್‌ನಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ಬಳಗ. ಬಿ ಬಳಗ ಬಹುಪಾಲು ದನಕ್ಕೇ ಅಂಟಿಕೊಂಡಿದ್ದು, ಮಲೇರಿಯಾ ಹರಡುವುದರಲ್ಲಿ ಹಿಂದೆ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಯಲ್ಲೂ ಹಾಗೇ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಮೊಟ್ಟೆಯನ್ನು ನೀರಿನ ಮೇಲೆ ತೇಲಿಸುವ ಪುಟ್ಟ ಚೀಲದ ಗೆರೆಗಳನ್ನು ಎಣಿಸಿ ಅದರಲ್ಲಿ ಬೇರೊಂದು ಬಗೆ ಗುರುತಿಸಿದರು. ಅದರ ಹೆಸರು ಮೈಸೊರೆನ್ಸಿಸ್! ಹಳ್ಳಿಯ ಸೊಳ್ಳೆ, ದನವೇ ಅದಕ್ಕೆ ಇಷ್ಟ.

ದನದ ಮೇಲಿನ ಈ ಒಲವು ನಮಗೆ ಎಷ್ಟು ದೊಡ್ಡ ಲಾಭ ನೋಡಿ. ಮಲೇರಿಯಾ ದಾಟಿಸಲು ಸೊಳ್ಳೆ ಎರಡು ಸಲ ಮನುಷ್ಯನನ್ನು ಕಚ್ಚಬೇಕು. ಒಮ್ಮೆ ರೋಗಾಣು ಪಡೆಯಲು, ಅದು ಒಳಗೆ ಬಲಿತ ಮೇಲೆ, ಅಂದರೆ ಸುಮಾರು 10-12 ದಿನದ ನಂತರ, ಇನ್ನೊಮ್ಮೆ. ಸೊಳ್ಳೆಯ 10 ಊಟದಲ್ಲಿ 1 ಮಾತ್ರ ಮನುಷ್ಯನದಾದರೆ, ಎರಡೂ ಸಲ ಮನುಷ್ಯನೇ ಸಿಗುವ ಸಾಧ್ಯತೆ 100ರಲ್ಲಿ 1. 10ಕ್ಕೆ 2 ಆದರೆ 100ರಲ್ಲಿ 4. ಒಲವು ಸ್ವಲ್ಪ ಜರುಗಿದರೂ ಅಪಾಯ ನಾಲ್ಕು ಪಟ್ಟು.

ಹಾಗಂತ ಮಂಚದ ಪಕ್ಕ ಹಸು ಕಟ್ಟಿಕೊಂಡರೆ ಬಚಾವು ಅಂತಲ್ಲ. ದನದ ವಾಸನೆಗೆ ಬಂದ ಸೊಳ್ಳೆ ಪಕ್ಕದಲ್ಲಿ ಮಲಗಿದವರನ್ನೂ ಕಚ್ಚಬಹುದು. ಯಥೇಚ್ಛವಾಗಿ ರಕ್ತ ಸಿಕ್ಕರೆ ಮೊಟ್ಟೆಯೂ ಜಾಸ್ತಿ. ಈಗ ಹಲವರು ಕೊಟ್ಟಿಗೆಯನ್ನು ಮನೆಯಿಂದ ದೂರ ಕಟ್ಟುತ್ತಿದ್ದಾರೆ, ಉಳುಮೆಗೆ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿದೆ. ಹೀಗೆ ದನ ದೂರವಾದರೆ ಸೊಳ್ಳೆಯ ಊಟದ ಲೆಕ್ಕವೂ ಬದಲಾಗಬಹುದು. ಒಳಗೋಡೆಗೆ ಹೊಡೆಯುವ ಔಷಧಿಯಾದರೋ ಊಟ ಮುಗಿಸಿ ಆ ಗೋಡೆಯ ಮೇಲೆ ಕೂರುವ ಸೊಳ್ಳೆಗೆ ಮಾತ್ರ ತಾಗುತ್ತದೆ. ಹೊರಗೇ ಕಚ್ಚಿ ಹೊರಗೇ ಕೂರುವ ಸೊಳ್ಳೆಗೆ ತಾಗುವುದೇ ಇಲ್ಲ. ಅದಕ್ಕೇ ಟಾರ್ಚ್ ಹಿಡಿದವರು ಮನೆ, ಕೊಟ್ಟಿಗೆ ಮುಗಿಸಿಕೊಂಡು ಹಿತ್ತಲಿನ ಪೊದೆಯನ್ನೂ ಜಾಲಾಡಬೇಕು.