‘ಅಶ್ಲೀಲ’ ಅಂದರೆ ಬೈಗುಳವಲ್ಲ

ರೇಡಿಯೋದ ಫೋನ್-ಇನ್ ಕಾರ್ಯಕ್ರಮದಲ್ಲಿ ಯಾರ ಬಾಯಿಂದಲಾದರೂ ಒಂದು ಬೈಗುಳ ಜಾರಿದರೆ ಸಾಕು, ‘ಅಶ್ಲೀಲ ಪದ ಪ್ರಸಾರ’ ಅಂತ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಮೊನ್ನೆಯೂ ಹಾಗೇ ಆಯಿತು. ಆ ಮಾತು ಒರಟಾಗಿತ್ತು, ನಿಜ. ಅಶ್ಲೀಲ ಆಗಿರಲಿಲ್ಲ.

ಪದದ ಬೇರು ನೋಡಿ. ಸಂಸ್ಕೃತದಲ್ಲಿ ಹಳೆಯ ರೂಪ ‘ಅಶ್ರೀರ’. ಶ್ರೀ, ಅಂದರೆ ಕಳೆ, ಇಲ್ಲದ್ದು. ರಕಾರ ಲಕಾರವಾಗಿ ‘ಅಶ್ಲೀಲ’ ಆಯಿತು. ಅದರಲ್ಲಿ ಕಾಮದ ಸುಳಿವೇ ಇಲ್ಲ. ಮುಂದೆ ಕಾವ್ಯದ ದೋಷಗಳನ್ನು ಪಟ್ಟಿ ಮಾಡಿದ ಆಲಂಕಾರಿಕರು ಅಶ್ಲೀಲದಲ್ಲಿ ಮೂರು ಬಗೆ ಹೇಳಿದರು: ನಾಚಿಕೆ ತರಿಸುವುದು, ಅಸಹ್ಯ ಹುಟ್ಟಿಸುವುದು, ಅಮಂಗಳ ಸೂಚಿಸುವುದು. ಅವರ ಲೆಕ್ಕದಲ್ಲಿ ‘ನಿನ್ನ ಮನೆ ಹಾಳಾಗ’ ಅನ್ನುವ ಶಾಪವೂ ಅಶ್ಲೀಲವೇ.

ಕಾನೂನು ಅಷ್ಟು ಅಗಲಕ್ಕೆ ಹೋಗುವುದಿಲ್ಲ. ಹಿಂದಿನ ದಂಡ ಸಂಹಿತೆಯ 292ನೇ ಕಲಂ ಇರಲಿ, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಇರಲಿ, ಕೇಳುವುದು ಇಷ್ಟು: ಇದು ಕಾಮ ಕೆರಳಿಸುತ್ತದೆಯೇ, ಮನಸ್ಸು ಕೆಡಿಸುತ್ತದೆಯೇ? 2024ರಲ್ಲೇ ಒಂದು ವೆಬ್ ಸರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಬೈಗುಳ, ಹೊಲಸು ಮಾತು ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ.

ನಮ್ಮ ಖಾಸಗಿ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿ ಬಸ್ಸಿನ ಟೈಮಿಂಗಿಗೆ ಇಬ್ಬರು ಏಜೆಂಟರು ಜಗಳಕ್ಕೆ ಬಿದ್ದಾಗ ಕೇಳಿ. ‘ಬೋಳಿಮಗ’ ಅಂತಲೇ ಶುರು. ವಿಧವೆಯರನ್ನು ಹೀನಾಯ ಮಾಡುವ ಮಾತು ಅದು. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ಅದರಿಂದ ಯಾರಿಗಾದರೂ ಕಾಮ ಕೆರಳುತ್ತದಾ? ಎಫ್‌ಐಆರ್‌ನಲ್ಲಿ ಪೊಲೀಸರು ಇಂಥದ್ದಕ್ಕೆ ‘ಅವಾಚ್ಯ ಶಬ್ದಗಳಿಂದ ಬೈದು’ ಅಂತ ಬರೆಯುತ್ತಾರೆ. ಅದೇ ಸರಿಯಾದ ಪದ. ಅವಮಾನ ಮಾಡಿ ಜಗಳಕ್ಕೆ ಕೆಣಕುವುದಕ್ಕೆ ಬೇರೆಯೇ ಕಲಂ ಇದೆ. ಇನ್ನೊಂದು ಕಡೆ, ಒಂದೂ ಬೈಗುಳವಿಲ್ಲದ ನಯವಾದ ದ್ವಂದ್ವಾರ್ಥದ ಮಾತು ಅಶ್ಲೀಲಕ್ಕೆ ಜಾಸ್ತಿ ಹತ್ತಿರ. ಅದನ್ನು ಮಾತ್ರ ಜನ ನಕ್ಕು ಬಿಟ್ಟುಬಿಡುತ್ತಾರೆ.

ಹಾಗಂತ ರೇಡಿಯೋದಲ್ಲಿ ಬೈಯಬಹುದು ಅಂತಲ್ಲ. ಆಕಾಶವಾಣಿಯ ಪ್ರಸಾರ ಸಂಹಿತೆ ಅಶ್ಲೀಲವನ್ನೂ ಮಾನಹಾನಿಯನ್ನೂ ತಡೆಯುತ್ತದೆ. ಖಾಸಗಿ ಎಫ್‌ಎಂನವರೂ ಲೈಸೆನ್ಸ್ ಕರಾರಿನಂತೆ ಆಕಾಶವಾಣಿಯ ಸಂಹಿತೆಯನ್ನೇ ಪಾಲಿಸಬೇಕು. ಅಮೆರಿಕದವರು ಇದನ್ನೇ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ. ಅಲ್ಲಿ ಅಶ್ಲೀಲ ಯಾವ ಹೊತ್ತಿನಲ್ಲೂ ಕೂಡದು. ಅಸಭ್ಯ ಮಾತು, ಹೊಲಸು ಬೈಗುಳ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಅಂದರೆ ಮಕ್ಕಳು ಕೇಳುವ ಹೊತ್ತಿನಲ್ಲಿ, ಕೂಡದು.

ದೂರು ಕೊಡುವುದಾದರೆ ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ. ಕಾರ್ಯಕ್ರಮದ ಹೆಸರು, ದಿನ, ಹೊತ್ತು ಹಾಕಿ. ಸುಮ್ನೆ ‘ಅಶ್ಲೀಲ’ ಅಂತ ಬರೆದರೆ ಕಲಂ ಹೊಂದುವುದಿಲ್ಲ ಅಂತ ದೂರೇ ಬಿದ್ದುಹೋಗಬಹುದು.